ಟೆಕ್ ಸ್ಟಾರ್ಟಪ್‌ಗೆ ಬಂಡವಾಳ ಎತ್ತುವುದು: ಮೈಸೂರು, ಮಂಡ್ಯದ ಸ್ಥಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮಗೆ ಹೂಡಿಕೆದಾರರ ಹಣ ನಿಜಕ್ಕೂ ಬೇಕಾ?

ಬಹಳ ಮಂದಿಗೆ ಬೇಕಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಾಲ್ಕು ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ತಿಂಗಳಿಗೆ ಮೂರು ಲಕ್ಷ ಗಳಿಸುವ ತಂಡ ಒಳ್ಳೆಯ ವ್ಯಾಪಾರ ಮಾಡುತ್ತಿದೆ. ಆದರೆ ಅದು ಹೂಡಿಕೆದಾರರಿಗೆ ಹೊಂದುವ ವ್ಯಾಪಾರ ಅಲ್ಲ. ಹತ್ತು ಕಂಪನಿಗೆ ದುಡ್ಡು ಹಾಕಿದವರು ಏಳೆಂಟು ಮುಳುಗುತ್ತವೆ ಎಂದುಕೊಂಡೇ ಹಾಕಿರುತ್ತಾರೆ. ಉಳಿದ ಒಂದೆರಡು ಹತ್ತಾರು ಪಟ್ಟು ಬೆಳೆದರೆ ಮಾತ್ರ ಅವರ ಲೆಕ್ಕ ಕೂಡುತ್ತದೆ. ಆದಾಯ ಹತ್ತು ಪಟ್ಟಾಗಲು ಜನವೂ ಹತ್ತು ಪಟ್ಟು ಬೇಕೆಂದರೆ ನಿಮ್ಮದು ಸೇವೆಯ ವ್ಯಾಪಾರ. ಅದಕ್ಕೆ ಬ್ಯಾಂಕ್ ಸಾಲವೋ ಗ್ರಾಹಕರ ಮುಂಗಡವೋ ವಾಸಿ. ಸಾಲವನ್ನು ತೀರಿಸಿ ಕೈತೊಳೆದುಕೊಳ್ಳಬಹುದು. ಮಾರಿದ ಷೇರು ಮರಳಿ ಕೈಗೆ ಬರುವುದು ಅಪರೂಪ.

ಎಷ್ಟು ಕೇಳಬೇಕು?

"ಒಂದು ಕೋಟಿ" ಎಂದು ಬಾಯಿಗೆ ಬಂದ ಸಂಖ್ಯೆ ಹೇಳಿದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಖರ್ಚಿನಿಂದ ಲೆಕ್ಕ ಶುರು ಮಾಡಿ. ಮೈಸೂರಿನಲ್ಲಿ ಏಳು ಜನರ ತಂಡ ಅಂದುಕೊಳ್ಳಿ. ತಿಂಗಳಿಗೆ ಸಂಬಳ 4,20,000, ಬಾಡಿಗೆ ಮತ್ತು ಕರೆಂಟು 35,000, ಕ್ಲೌಡ್ 40,000, ಆಡಿಟರ್ ಮತ್ತು ವಕೀಲರು 25,000, ಓಡಾಟ ಹಾಗೂ ಇತರೆ 50,000. ಒಟ್ಟು 5,70,000 ರೂಪಾಯಿ. ಗ್ರಾಹಕರಿಂದ 1,20,000 ಬರುತ್ತಿದ್ದರೆ ಕೈಬಿಟ್ಟು ಹೋಗುವುದು 4,50,000. ಇದನ್ನು 18 ತಿಂಗಳಿಗೆ ಗುಣಿಸಿದರೆ 81 ಲಕ್ಷ. ಮಾರಾಟ ತಡವಾಗುವುದಕ್ಕೆ, ಒಂದಿಬ್ಬರನ್ನು ಹೆಚ್ಚಿಗೆ ತೆಗೆದುಕೊಳ್ಳುವುದಕ್ಕೆ ಸ್ವಲ್ಪ ಕೂಡಿಸಿದರೆ ಆಗ ಒಂದು ಕೋಟಿ ಎನ್ನುವುದಕ್ಕೆ ಅರ್ಥ ಬರುತ್ತದೆ.

18 ತಿಂಗಳು ಯಾಕೆ? ಮುಂದಿನ ಸುತ್ತು, ಅಂದರೆ ಮತ್ತೊಮ್ಮೆ ಬಂಡವಾಳ ಎತ್ತುವ ಓಡಾಟಕ್ಕೇ ಆರು ತಿಂಗಳು ಬೇಕು. ಹನ್ನೆರಡು ತಿಂಗಳಿಗಷ್ಟೇ ಎತ್ತಿದರೆ ಕೆಲಸ ಮಾಡಿ ತೋರಿಸಲು ಉಳಿಯುವುದು ಇನ್ನಾರು ತಿಂಗಳು.

ಪಾಲುದಾರಿಕೆ ಸಂಸ್ಥೆ ಇದೆ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಇದೆ. ಸಾಲದಾ?

ಸಾಲದು. ಇವೆರಡೂ ಷೇರು ಕೊಡಲಾರವು. ಪ್ರೈವೇಟ್ ಲಿಮಿಟೆಡ್ ಆಗಲೇಬೇಕು. ಕಂಪನಿ ನೋಂದಾಯಿಸಿದ 180 ದಿನದೊಳಗೆ ಐಎನ್‌ಸಿ-20ಎ ಎಂಬ ಘೋಷಣೆ ಸಲ್ಲಿಸುವುದನ್ನು ಮರೆಯಬೇಡಿ. ಸ್ಥಾಪಕರು ತಮ್ಮ ಷೇರಿನ ದುಡ್ಡನ್ನು ಕಂಪನಿ ಖಾತೆಗೆ ನಿಜವಾಗಿಯೂ ಹಾಕಿದ್ದಾರೆ ಎನ್ನುವುದಕ್ಕೆ ಅದು ಆಧಾರ. ಹತ್ತು ಸಾವಿರ ರೂಪಾಯಿ ಹಾಕಲು ಸೋಮಾರಿತನ ಮಾಡಿ, ಎರಡು ವರ್ಷದ ನಂತರ ಕೋಟಿ ರೂಪಾಯಿ ಹೂಡಿಕೆ ಬಂದಾಗ ದಂಡ ಕಟ್ಟಿ ಸರಿಮಾಡಿಕೊಳ್ಳುವವರು ಕಡಿಮೆ ಏನಿಲ್ಲ.

ಸೋದರಮಾವ ಐದು ಲಕ್ಷ ಕೊಡ್ತೀನಿ ಅಂದಿದ್ದಾರೆ. ಸಾಲ ಅಂತ ತಗೊಂಡುಬಿಡಬಹುದಾ?

ನಮ್ಮ ಕಡೆ ಮೊದಲ ದುಡ್ಡು ಬರುವುದೇ ಹೀಗೆ. ತಪ್ಪಾಗುವುದೂ ಇಲ್ಲೇ.

ಕಂಪನಿ ಹೊರಗಿನವರಿಂದ ಸಾಲ ತೆಗೆದುಕೊಂಡರೆ ಕಾನೂನು ಅದನ್ನು ಠೇವಣಿ ಎಂದು ನೋಡುತ್ತದೆ. ಪ್ರೈವೇಟ್ ಕಂಪನಿ ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವಂತಿಲ್ಲ. ನಿರ್ದೇಶಕರಿಂದ ಮತ್ತು ನಿರ್ದೇಶಕರ ಸಂಬಂಧಿಕರಿಂದ ಪಡೆಯಬಹುದು. ಅದು ತಾವೇ ಬೇರೆಯವರಿಂದ ಸಾಲ ಎತ್ತಿ ತಂದ ಹಣ ಅಲ್ಲ ಎಂದು ಅವರು ಬರೆದುಕೊಡಬೇಕು. ಈಗ ಸಂಬಂಧಿಕರು ಯಾರು ಎಂಬ ಪ್ರಶ್ನೆ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಇರುವವರು ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಸೋದರಮಾವ ಇಲ್ಲ. ಭಾವ ಇಲ್ಲ. ಹೆಣ್ಣು ಕೊಟ್ಟ ಮಾವನೂ ಇಲ್ಲ! ಮನೆಯ ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕೂರುವವರು ಕಾನೂನಿನ ಕಣ್ಣಿಗೆ ಹೊರಗಿನವರು.

ದಾರಿ ಎರಡಿವೆ. ಸೋದರಮಾವನವರಿಗೆ ಷೇರನ್ನೇ ಕೊಡಿ, ಕೆಳಗೆ ಹೇಳುವ ಕ್ರಮದಲ್ಲಿ. ಇಲ್ಲವೇ ಅವರು ನಿಮ್ಮ ತಾಯಿಗೆ ಉಡುಗೊರೆಯಾಗಿ ಕೊಟ್ಟು, ತಾಯಿ ಕಂಪನಿಗೆ ಸಾಲ ಕೊಡಲಿ. ಆದರೆ ಆಗ ಅದು ನಿಜಕ್ಕೂ ಉಡುಗೊರೆಯೇ ಆಗಿರಬೇಕು, ಮಾವ ಮರಳಿ ಕೇಳುವಂತಿಲ್ಲ. ಮನೆಯವರ ಜೊತೆ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಕಬ್ಬಿನ ದುಡ್ಡೋ ಚೀಟಿ ಎತ್ತಿದ ದುಡ್ಡೋ ನಗದಾಗಿ ಕೈಗಿಟ್ಟರೆ ತೆಗೆದುಕೊಳ್ಳಬೇಡಿ. ಸಾಲವೇ ಆದರೂ 20,000 ಮತ್ತು ಅದಕ್ಕೆ ಮೇಲ್ಪಟ್ಟು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಷೇರಿನ ಹಣವಂತೂ ಹೂಡುವವರ ಸ್ವಂತ ಬ್ಯಾಂಕ್ ಖಾತೆಯಿಂದಲೇ ಬರಬೇಕು. ಮಾವನ ಷೇರಿಗೆ ಅತ್ತೆಯ ಖಾತೆಯಿಂದ ಬಂದರೆ ಅದೂ ತಕರಾರೇ.

ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ "ಕನಿಷ್ಠ 50,000 ಹೂಡಿ" ಎಂದು ಹಾಕಬಹುದಾ?

ಹಾಕಬೇಡಿ. ಪ್ರೈವೇಟ್ ಪ್ಲೇಸ್‌ಮೆಂಟ್‌ಗೆ, ಅಂದರೆ ಆಯ್ದ ಕೆಲವರಿಗೆ ಮಾತ್ರ ಷೇರು ಕೊಡುವುದಕ್ಕೆ, ಜಾಹೀರಾತು ಕೊಡುವುದನ್ನು ಕಂಪನಿ ಕಾಯ್ದೆಯ 42ನೇ ಕಲಂ ನಿಷೇಧಿಸುತ್ತದೆ. ಹೆಸರು ಗುರುತಿಸಿ, ಆ ವ್ಯಕ್ತಿಗೇ ಪ್ರಸ್ತಾವ ಪತ್ರ ಕಳುಹಿಸಬೇಕು. ಒಂದು ಹಣಕಾಸು ವರ್ಷದಲ್ಲಿ 200 ಜನಕ್ಕಿಂತ ಹೆಚ್ಚು ಮಂದಿಗೆ ಕಳುಹಿಸುವಂತಿಲ್ಲ. ಉತ್ಪನ್ನದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಷೇರಿನ ಬಗ್ಗೆ ಬೇಡ.

ಷೇರು ಬಿಟ್ಟುಕೊಡದೆ ಸಿಗುವ ಹಣ ಇದೆಯಾ?

ಇದೆ. ಮೈಸೂರು, ಮಂಡ್ಯದವರು ಮೊದಲು ಇದನ್ನೇ ನೋಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಉಂಟು. ಅದು ಒಂದೇ ಸಲ ಬರುವುದಿಲ್ಲ. ಕಂತಿನಲ್ಲಿ, ಕೆಲಸ ತೋರಿಸಿದಂತೆ ಬರುತ್ತದೆ. ಅದನ್ನು ನಂಬಿ ಮುಂದಿನ ತಿಂಗಳ ಸಂಬಳದ ಲೆಕ್ಕ ಹಾಕಬೇಡಿ. ಜೈವಿಕ ತಂತ್ರಜ್ಞಾನ ಅಥವಾ ವೈದ್ಯಕೀಯ ಉಪಕರಣ ಮಾಡುವವರಿಗೆ ಕೇಂದ್ರ ಸರ್ಕಾರದ ಬೈರ್ಯಾಕ್ ಸಂಸ್ಥೆಯ ಬಿಗ್ ಅನುದಾನವೂ 50 ಲಕ್ಷದವರೆಗೆ, 18 ತಿಂಗಳಿಗೆ. ಎಲ್ಲದಕ್ಕೂ ಅರ್ಜಿ ಕರೆಯುವ ಕಾಲ ಬೇರೆ ಬೇರೆ, ಆಯಾ ಪೋರ್ಟಲ್ ನೋಡುತ್ತಿರಿ.

ಇನ್‌ಕ್ಯುಬೇಟರ್‌ಗೆ, ಅಂದರೆ ಹೊಸ ಕಂಪನಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರಕ್ಕೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಾನಸಗಂಗೋತ್ರಿಯ ಪಕ್ಕದಲ್ಲೇ ಎಸ್‌ಜೆಸಿಇ-ಸ್ಟೆಪ್ ಇದೆ. ಆಹಾರ ತಂತ್ರಜ್ಞಾನದವರಿಗೆ ಸಿಎಫ್‌ಟಿಆರ್‌ಐ ಆವರಣದಲ್ಲಿ ನ್ಯೂಟ್ರಾ-ಫೈಟೊ ಇನ್‌ಕ್ಯುಬೇಷನ್ ಕೇಂದ್ರ ಇದೆ. ಬೆಲ್ಲದ ಗುಣಮಟ್ಟ ಅಳೆಯುವ ಯಂತ್ರವನ್ನೋ ಕಬ್ಬಿನ ಗದ್ದೆಯ ತೇವ ಅಳೆಯುವ ಸೆನ್ಸರನ್ನೋ ಮಾಡುತ್ತಿದ್ದರೆ ಮಂಡ್ಯದ ವಿ.ಸಿ. ಫಾರ್ಮ್ ಹತ್ತಿರವೇ ಇದೆ. ಅಲ್ಲಿನ ವಿಜ್ಞಾನಿಗಳ ಜೊತೆ ಮಾಡಿದ ಪ್ರಯೋಗದ ಅಂಕಿಅಂಶ ಹೂಡಿಕೆದಾರರ ಮುಂದೆ ಹತ್ತು ಬಣ್ಣದ ಸ್ಲೈಡಿಗಿಂತ ತೂಕದ್ದು.

ಹೂಡಿಕೆದಾರರು ಸಿಗಬೇಕಾದರೆ ಬೆಂಗಳೂರಿನಲ್ಲಿ ಆಫೀಸು ಬೇಕಾ?

ವಿಳಾಸ ಬೇಕಿಲ್ಲ, ಓಡಾಟ ಬೇಕು. ವಾರಕ್ಕೆ ಎರಡು ದಿನ ಬೆಂಗಳೂರು ಎಂದು ಇಟ್ಟುಕೊಂಡು ಎಲ್ಲ ಭೇಟಿಗಳನ್ನೂ ಆ ಎರಡೇ ದಿನಕ್ಕೆ ಜೋಡಿಸಿ. ಕೈನ್ಸ್ ಟೆಕ್ನಾಲಜಿ 2022ರ ನವೆಂಬರ್‌ನಲ್ಲಿ, ಎಕ್ಸೆಲ್‌ಸಾಫ್ಟ್ 2025ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕೂತೇ ಷೇರು ಮಾರುಕಟ್ಟೆ ಸೇರಿದವು. ಊರಿನ ಹೆಸರು ಕೇಳಿ ಮುಖ ತಿರುಗಿಸುವ ಹೂಡಿಕೆದಾರರಿಗೆ ಇಷ್ಟು ಉತ್ತರ ಸಾಕು. ಜನ ಸಿಗುತ್ತಾರಾ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೆ ತಯಾರಾಗಿ ಹೋಗಿ: ಎಷ್ಟು ಜನರನ್ನು ಯಾವ ಸಂಬಳಕ್ಕೆ ತೆಗೆದುಕೊಂಡಿರಿ, ಎರಡು ವರ್ಷದಲ್ಲಿ ಬಿಟ್ಟುಹೋದವರೆಷ್ಟು.

ಮೊದಲ ಮೇಲ್ ಹಾಕುವ ಮುನ್ನ ಆ ನಿಧಿ ಯಾವ ಹಂತಕ್ಕೆ, ಯಾವ ಕ್ಷೇತ್ರಕ್ಕೆ, ಎಷ್ಟು ಮೊತ್ತ ಹಾಕುತ್ತದೆ ಎಂದು ನೋಡಿಕೊಳ್ಳಿ. 20 ಕೋಟಿಯ ಚೆಕ್ ಬರೆಯುವವರ ಹತ್ತಿರ 50 ಲಕ್ಷ ಕೇಳುವುದರಲ್ಲಿ ಅರ್ಥವಿಲ್ಲ. ಅವರು ಹಿಂದೆ ಹಣ ಹಾಕಿದ ಕಂಪನಿಯ ಸ್ಥಾಪಕರೊಬ್ಬರು ಪರಿಚಯಿಸಿದರೆ ಬಾಗಿಲು ಬೇಗ ತೆರೆಯುತ್ತದೆ.

ಪಿಚ್ ಡೆಕ್‌ನಲ್ಲಿ ಏನಿರಬೇಕು?

ಹೂಡಿಕೆದಾರರಿಗೆ ತೋರಿಸುವ ಹತ್ತು ಹನ್ನೆರಡು ಸ್ಲೈಡು. ಯಾರ ಯಾವ ತೊಂದರೆ, ಈಗ ಅವರು ಏನು ಮಾಡಿ ನಿಭಾಯಿಸುತ್ತಿದ್ದಾರೆ, ನಿಮ್ಮದು ಹೇಗೆ ಬೇರೆ, ಯಾರು ದುಡ್ಡು ಕೊಟ್ಟಿದ್ದಾರೆ, ತಂಡ, ಎಷ್ಟು ಹಣ, ಅದು ಮುಗಿಯುವಷ್ಟರಲ್ಲಿ ಏನು ಸಾಧಿಸಿರುತ್ತೀರಿ. "ಭಾರತದಲ್ಲಿ ಇಷ್ಟು ಕೋಟಿ ರೈತರು, ಶೇ 1ರಷ್ಟು ಸಿಕ್ಕರೂ ಸಾಕು" ಎಂಬ ಸ್ಲೈಡನ್ನು ಇವತ್ತೇ ತೆಗೆದುಬಿಡಿ. ಮದ್ದೂರು, ಪಾಂಡವಪುರ ತಾಲ್ಲೂಕುಗಳಲ್ಲಿ ಎಷ್ಟು ಆಲೆಮನೆ, ಒಂದೊಂದು ಎಷ್ಟು ಕೊಡಬಲ್ಲದು ಎಂದು ಕೆಳಗಿನಿಂದ ಮೇಲಕ್ಕೆ ಕೂಡಿಸಿ.

ಕೃಷಿ ಸಂಬಂಧದ ಸ್ಟಾರ್ಟಪ್‌ನವರು ಇನ್ನೊಂದು ಗಮನಿಸಬೇಕು. ಬೆಂಗಳೂರಿನ ಹೂಡಿಕೆದಾರರು ಪ್ರತಿ ತಿಂಗಳ ಆದಾಯದ ಗೆರೆ ಮೇಲೇರುವುದನ್ನು ನೋಡಿ ಅಭ್ಯಾಸವಾದವರು. ಮಂಡ್ಯದ ರೈತ ದುಡ್ಡು ಕೊಡುವುದು ಕಬ್ಬಿನ ಬಿಲ್ ಬಂದಾಗ. ನಾಲ್ಕು ತಿಂಗಳು ಸೊನ್ನೆ ಕಂಡರೆ ಅವರು ಗಾಬರಿಯಾಗುತ್ತಾರೆ. ಕಳೆದ ಹಂಗಾಮಿನ ಜೊತೆ ಈ ಹಂಗಾಮನ್ನು ಹೋಲಿಸಿ ತೋರಿಸಿ, ಕಾರಣವನ್ನು ಅವರು ಕೇಳುವ ಮೊದಲೇ ಹೇಳಿ.

ಕಂಪನಿಗೆ ನಾಲ್ಕು ಕೋಟಿ ಬೆಲೆ ಎಂದರೆ ನಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ?

ನೋಂದಾಯಿತ ಮೌಲ್ಯಮಾಪಕರ ವರದಿ ಕಾನೂನಿಗೆ ಬೇಕು. ಆದರೆ ನಿಜವಾದ ಬೆಲೆ ನಿಲ್ಲುವುದು ಚೌಕಾಸಿಯಲ್ಲಿ. ಲೆಕ್ಕ ಹೀಗೆ. ಸ್ಥಾಪಕರ ಕೈಲಿ 10,000 ಷೇರು. ಹಣ ಬರುವ ಮೊದಲಿನ ಬೆಲೆ, ಅಂದರೆ ಪ್ರೀ-ಮನಿ, 4 ಕೋಟಿ. ಒಂದು ಷೇರಿಗೆ 4,000 ರೂಪಾಯಿ. ಒಂದು ಕೋಟಿಗೆ 2,500 ಹೊಸ ಷೇರು. ಒಟ್ಟು 12,500, ಹೂಡಿಕೆದಾರರದ್ದು ಶೇ 20. ಸ್ಥಾಪಕರದ್ದು ಶೇ 80.

ಈಗ ಹೂಡಿಕೆದಾರರು "ಹೂಡಿಕೆಯ ನಂತರ ಶೇ 10ರಷ್ಟು ಇಸಾಪ್ ಪೂಲ್ ಇರಬೇಕು, ಅದು ಪ್ರೀ-ಮನಿಯಲ್ಲೇ ಸೇರಿರಬೇಕು" ಎನ್ನುತ್ತಾರೆ. ಇಸಾಪ್ ಪೂಲ್ ಎಂದರೆ ಉದ್ಯೋಗಿಗಳಿಗೆ ಮುಂದೆ ಕೊಡಲು ತೆಗೆದಿಡುವ ಷೇರು. ಸಣ್ಣ ಮಾತಿನಂತೆ ಕೇಳಿಸುತ್ತದೆ. ಹೂಡಿಕೆದಾರರ ಶೇ 20 ಅಲುಗುವುದಿಲ್ಲ. ಪೂಲ್‌ನ ಶೇ 10 ಪೂರ್ತಿ ನಿಮ್ಮ ಪಾಲಿನಿಂದ ಹೋಗುತ್ತದೆ, ನಿಮಗೆ ಉಳಿಯುವುದು ಶೇ 70. ಐದು ಕೋಟಿಯ ಶೇ 70 ಎಂದರೆ ಮೂರೂವರೆ ಕೋಟಿ. ಅಂದರೆ ನಾಲ್ಕು ಎಂದು ಹೇಳಿ ಮೂರೂವರೆಗೆ ಕೊಂಡಂತಾಯಿತು. ಬೆಲೆಯ ಬಗ್ಗೆ ಜಗಳವಾಡುವ ಬದಲು ಮುಂದಿನ 18 ತಿಂಗಳಲ್ಲಿ ಯಾರನ್ನು ಸೇರಿಸಿಕೊಳ್ಳುತ್ತೀರಿ, ಅವರಿಗೆ ಎಷ್ಟು ಇಸಾಪ್ ಬೇಕು ಎಂದು ಪಟ್ಟಿ ಕೊಡಿ. ಶೇ 6 ಸಾಕು ಎಂದು ತೋರಿಸಿದರೆ ಬಹಳಷ್ಟು ಸಲ ಒಪ್ಪುತ್ತಾರೆ.

ಸಿಸಿಪಿಎಸ್, ಕನ್ವರ್ಟಿಬಲ್ ನೋಟ್, ಐಸೇಫ್: ಯಾವುದು?

ಬೆಲೆ ನಿಗದಿಯಾದ ಸುತ್ತಿಗೆ ಸಿಸಿಪಿಎಸ್, ಅಂದರೆ ಕಡ್ಡಾಯವಾಗಿ ಈಕ್ವಿಟಿಗೆ ಪರಿವರ್ತನೆಯಾಗುವ ಪ್ರಾಶಸ್ತ್ಯ ಷೇರು. ಬೆಲೆಯನ್ನು ಮುಂದಿನ ಸುತ್ತಿಗೆ ಬಿಡುವುದಾದರೆ ಕನ್ವರ್ಟಿಬಲ್ ನೋಟ್, ಅಂದರೆ ಮುಂದೆ ಷೇರಾಗಿ ಬದಲಾಗಬಲ್ಲ ಸಾಲ ಪತ್ರ. ಅದನ್ನು ಕೇಂದ್ರದ ಉದ್ಯಮ ಉತ್ತೇಜನ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಪಡೆದ ಸ್ಟಾರ್ಟಪ್ ಮಾತ್ರ ಕೊಡಬಹುದು, ಒಬ್ಬ ಹೂಡಿಕೆದಾರರು ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಐವರು ಗೆಳೆಯರು ತಲಾ ಐದು ಲಕ್ಷ ಹಾಕಿ "ನೋಟ್" ಎಂದು ಬರೆದುಕೊಂಡರೆ ಅದು ನೋಟ್ ಆಗುವುದಿಲ್ಲ, ಮತ್ತೆ ಠೇವಣಿಯ ಗೋಜಲು. ಅಂಥವರಿಗೆ ಐಸೇಫ್ ಹೊಂದುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದೂ ಸಿಸಿಪಿಎಸ್ಸೇ, ಪರಿವರ್ತನೆಯ ಬೆಲೆ ಮಾತ್ರ ಮುಂದಿನ ಸುತ್ತಿಗೆ ತಳುಕು ಹಾಕಿರುತ್ತದೆ.

ಟರ್ಮ್ ಶೀಟ್‌ನಲ್ಲಿ ಏನನ್ನು ಕಣ್ಣಿಟ್ಟು ಓದಬೇಕು?

ಟರ್ಮ್ ಶೀಟ್ ಎಂದರೆ ಹೂಡಿಕೆಯ ಮುಖ್ಯ ಕರಾರುಗಳ ಪಟ್ಟಿ. ಅದರಲ್ಲಿ ಮೊದಲು ಲಿಕ್ವಿಡೇಷನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದಾಗ ಯಾರು ಮೊದಲು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬ ಕರಾರು ಅದು. ಒಂದು ಕೋಟಿ ಹಾಕಿ ಶೇ 20 ಪಡೆದಿದ್ದಾರೆ, ಕಂಪನಿ ಮೂರು ಕೋಟಿಗೆ ಮಾರಾಟವಾಯಿತು ಎನ್ನಿ. ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್ ಇದ್ದರೆ ಅವರು ತಮ್ಮ ಒಂದು ಕೋಟಿಯನ್ನೋ ಶೇ 20ರಂತೆ ಬರುವ 60 ಲಕ್ಷವನ್ನೋ ಆರಿಸಿಕೊಳ್ಳಬೇಕು. ಕೋಟಿಯನ್ನೇ ಆರಿಸುತ್ತಾರೆ, ನಿಮಗೆ ಎರಡು ಕೋಟಿ. ಪಾರ್ಟಿಸಿಪೇಟಿಂಗ್ ಎಂದಿದ್ದರೆ ಮೊದಲು ಒಂದು ಕೋಟಿ ತೆಗೆದುಕೊಂಡು, ಉಳಿದ ಎರಡು ಕೋಟಿಯಲ್ಲಿ ಮತ್ತೆ 40 ಲಕ್ಷ. ಒಂದೇ ಒಂದು ಪದ, 40 ಲಕ್ಷದ ವ್ಯತ್ಯಾಸ.

ಎರಡನೆಯದು ಆ್ಯಂಟಿ-ಡೈಲ್ಯೂಷನ್, ಮುಂದಿನ ಸುತ್ತಿನಲ್ಲಿ ಷೇರಿನ ಬೆಲೆ ಇಳಿದರೆ ಹೂಡಿಕೆದಾರರ ಪಾಲನ್ನು ಕಾಯುವ ಕರಾರು. "ಬ್ರಾಡ್-ಬೇಸ್ಡ್ ವೆಯ್ಟೆಡ್ ಆವರೇಜ್" ಒಪ್ಪಿ. "ಫುಲ್ ರ‍್ಯಾಚೆಟ್" ಒಪ್ಪಬೇಡಿ, ಮುಂದೆ ಬೆಲೆ ಇಳಿದರೆ ಪೂರ್ತಿ ಪೆಟ್ಟು ಸ್ಥಾಪಕರಿಗೇ. ಮೂರನೆಯದು ರಿಸರ್ವ್ಡ್ ಮ್ಯಾಟರ್ಸ್, ಅವರ ಒಪ್ಪಿಗೆ ಇಲ್ಲದೆ ಮಾಡಲಾಗದ ಕೆಲಸಗಳ ಪಟ್ಟಿ. ಹೊಸ ಷೇರು, ದೊಡ್ಡ ಸಾಲ, ಕಂಪನಿ ಮಾರಾಟ ಅದರಲ್ಲಿ ಇರುವುದು ಸರಿ. 50,000 ರೂಪಾಯಿಯ ಲ್ಯಾಪ್‌ಟಾಪ್‌ಗೂ ಒಪ್ಪಿಗೆ ಬೇಕೆಂದರೆ ಮೊತ್ತದ ಮಿತಿ ಏರಿಸಲು ಕೇಳಿ.

ಸ್ಥಾಪಕರ ಷೇರಿಗೆ ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ಕೆಲಸ ಮಾಡಿದಂತೆ ಹಂತ ಹಂತವಾಗಿ ಷೇರು ಕೈಸೇರುವ ಕರಾರು, ಹಾಕಿದರೆ ಬೇಸರಪಟ್ಟುಕೊಳ್ಳಬೇಡಿ. ಮೂವರಲ್ಲಿ ಒಬ್ಬ ಎಂಟೇ ತಿಂಗಳಿಗೆ ಬೇರೆ ಕೆಲಸಕ್ಕೆ ಹೋಗಿ, ಮೂರನೇ ಒಂದು ಪಾಲು ಕೈಯಲ್ಲಿಟ್ಟುಕೊಂಡು ಕೂತರೆ ಉಳಿದಿಬ್ಬರ ಗತಿ ಏನು? ಅದು ನಿಮ್ಮ ರಕ್ಷಣೆಗೂ ಹೌದು.

ಡ್ಯೂ ಡಿಲಿಜೆನ್ಸ್‌ನಲ್ಲಿ ಏನು ಮುರಿದುಬೀಳುತ್ತದೆ?

ಡ್ಯೂ ಡಿಲಿಜೆನ್ಸ್ ಎಂದರೆ ಹಣ ಹಾಕುವ ಮುನ್ನ ಹೂಡಿಕೆದಾರರು ಮಾಡುವ ತಪಾಸಣೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೋಡ್‌ನ ಒಡೆತನ. ಉದ್ಯೋಗಿ ಬರೆದ ಕೋಡ್ ಕಂಪನಿಯದ್ದು. ಫ್ರೀಲ್ಯಾನ್ಸರ್ ಬರೆದದ್ದು, ನೀವು ದುಡ್ಡು ಕೊಟ್ಟಿದ್ದರೂ, ಬರಹದಲ್ಲಿ ಹಸ್ತಾಂತರ ಆಗದಿದ್ದರೆ ಅವರದ್ದೇ. ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಬರೆಸಿಕೊಳ್ಳಿ. ಕಂಪನಿ ಶುರುವಾಗುವ ಮುಂಚೆ ಸ್ಥಾಪಕರೇ ಬರೆದ ಕೋಡ್‌ಗೂ ಇದು ಬೇಕು. ಐಟಿ ಕೆಲಸದಲ್ಲಿದ್ದುಕೊಂಡೇ ರಾತ್ರಿ ಕೂತು ಬರೆದಿದ್ದರೆ ಆ ಕೆಲಸದ ಕರಾರು ಏನು ಹೇಳುತ್ತದೆ ಎಂದು ಮೊದಲು ವಕೀಲರಿಗೆ ತೋರಿಸಿ.

ಉಳಿದವು ಚಿಕ್ಕವು, ಆದರೆ ಒಂದೊಂದೂ ವಾರಗಟ್ಟಲೆ ತಿನ್ನುತ್ತವೆ: ಡೊಮೇನ್ ಮತ್ತು ಆ್ಯಪ್ ಸ್ಟೋರ್ ಖಾತೆ ಒಬ್ಬ ಸ್ಥಾಪಕನ ಸ್ವಂತ ಹೆಸರಲ್ಲಿರುವುದು, ಗ್ರಾಹಕರ ದುಡ್ಡು ಸ್ವಂತ ಯುಪಿಐಗೆ ಬಂದಿರುವುದು, ಟಿಡಿಎಸ್ ಕಡಿದು ಕಟ್ಟದಿರುವುದು, ವೃತ್ತಿ ತೆರಿಗೆ ಮರೆತಿರುವುದು, "ನಿನಗೆ ಶೇ 2 ಕೊಡ್ತೀನಿ" ಎಂದು ಹಳೆಯ ಗೆಳೆಯನಿಗೆ ಮೆಸೇಜ್‌ನಲ್ಲಿ ಬರೆದಿರುವುದು. ಈ ಕೊನೆಯದನ್ನು ಮುಚ್ಚಿಡಬೇಡಿ. ಆ ಗೆಳೆಯ ಹೂಡಿಕೆಯ ಸುದ್ದಿ ಓದಿದ ಮರುದಿನ ಫೋನ್ ಮಾಡುತ್ತಾನೆ.

ಹಣ ಖಾತೆಗೆ ಬರುವ ಕ್ರಮ ಯಾವುದು?

ಅನುಕ್ರಮ ತಪ್ಪಿದರೆ ಸರಿಮಾಡುವುದು ಕಷ್ಟ. ಆದ್ದರಿಂದ ಕಂಪನಿ ಸೆಕ್ರೆಟರಿಯೊಬ್ಬರನ್ನು ಟರ್ಮ್ ಶೀಟ್ ಸಹಿಯಾದ ದಿನವೇ ಹಿಡಿದುಕೊಳ್ಳಿ.

1. ಅಧಿಕೃತ ಬಂಡವಾಳ, ಅಂದರೆ ಕಂಪನಿ ಕೊಡಬಹುದಾದ ಷೇರಿನ ಒಟ್ಟು ಮಿತಿ, ನೋಡಿ. ಒಂದು ಲಕ್ಷ ಎಂದಿದ್ದರೆ ಹತ್ತು ರೂಪಾಯಿಯ 10,000 ಷೇರಿಗೆ ಜಾಗ ಮುಗಿಯಿತು. ಹೊಸ ಷೇರಿಗೆ ಮೊದಲು ಅದನ್ನು ಏರಿಸಿ ಕಂಪನಿ ನೋಂದಣಾಧಿಕಾರಿಗೆ ಎಸ್‌ಎಚ್-7 ನಮೂನೆ ಸಲ್ಲಿಸಬೇಕು.
2. ಮೌಲ್ಯಮಾಪನ ವರದಿ, ಮಂಡಳಿ ಸಭೆ, ಷೇರುದಾರರ ವಿಶೇಷ ನಿರ್ಣಯ, ಅದನ್ನು ನೋಂದಣಾಧಿಕಾರಿಗೆ ತಿಳಿಸುವ ಎಂಜಿಟಿ-14 ನಮೂನೆ. ಇದು ಸಲ್ಲಿಕೆಯಾದ ಮೇಲೆಯೇ ಪ್ರಸ್ತಾವ ಪತ್ರ.
3. ಪಿಎಎಸ್-4 ಪ್ರಸ್ತಾವ ಪತ್ರ, ಹೆಸರು ಹೆಸರಿಗೆ.
4. ಹಣ ಪ್ರತ್ಯೇಕ ಬ್ಯಾಂಕ್ ಖಾತೆಗೆ. ಬಂದ 60 ದಿನದೊಳಗೆ ಷೇರು ಹಂಚಿಕೆ. ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್. ಅದೂ ಆಗದಿದ್ದರೆ ಶೇ 12 ಬಡ್ಡಿ.
5. ಹಂಚಿಕೆಯಾದ 15 ದಿನದೊಳಗೆ ಹಂಚಿಕೆಯ ವಿವರ ಕೊಡುವ ಪಿಎಎಸ್-3 ನಮೂನೆ. ಅದು ಸಲ್ಲಿಕೆಯಾಗುವವರೆಗೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ.
6. ಎರಡು ತಿಂಗಳೊಳಗೆ ಷೇರು ಪತ್ರ. ಮುದ್ರಾಂಕ ಶುಲ್ಕ ಶೇ 0.005, ಕೋಟಿಗೆ 500 ರೂಪಾಯಿ.

ಐದನೆಯ ಹಂತದಲ್ಲಿ ಎಡವುವವರೇ ಜಾಸ್ತಿ. ದುಡ್ಡು ಖಾತೆಯಲ್ಲಿ ಕಾಣುತ್ತಿದೆ, ತಿಂಗಳ ಕೊನೆ, ಸಂಬಳ ಕೊಡಬೇಕು, ಕೈ ಹಾಕಿಬಿಡುತ್ತಾರೆ. ಹೂಡಿಕೆಯ ತಿಂಗಳ ಸಂಬಳಕ್ಕೆ ಬೇರೆ ವ್ಯವಸ್ಥೆ ಇಟ್ಟುಕೊಂಡಿರಿ.

ಇನ್ನೊಂದು: ಷೇರುದಾರರ ಒಪ್ಪಂದದಲ್ಲಿ ಒಪ್ಪಿದ ಹಕ್ಕುಗಳನ್ನು ಕಂಪನಿಯ ಆರ್ಟಿಕಲ್ಸ್‌ಗೂ (ಒಳ ನಿಯಮಾವಳಿಗೂ) ಸೇರಿಸಿ. ಆರ್ಟಿಕಲ್ಸ್‌ನಲ್ಲಿ ಇಲ್ಲದ ಷೇರು ವರ್ಗಾವಣೆ ನಿರ್ಬಂಧ ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಹಳೆಯ ತೀರ್ಪು.

ಅಮೆರಿಕದಲ್ಲಿರುವ ಅಣ್ಣ ಹಣ ಹಾಕಬಹುದಾ?

ಹಾಕಬಹುದು. ಅಣ್ಣ ಎನ್‌ಆರ್‌ಐ ಅಥವಾ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗೆ ಕೊಡುವ ಕಾರ್ಡ್ ಇರುವವರು) ಆಗಿದ್ದು, ಹಣವನ್ನು ಮುಂದೆ ವಿದೇಶಕ್ಕೆ ಒಯ್ಯುವ ಹಕ್ಕು ಬೇಡ ಎಂಬ ಆಧಾರದಲ್ಲಿ ಹೂಡಿದರೆ ಅದನ್ನು ದೇಶದೊಳಗಿನ ಹೂಡಿಕೆಯಂತೆಯೇ ಪರಿಗಣಿಸುತ್ತಾರೆ. ಒಯ್ಯುವ ಹಕ್ಕು ಬೇಕೆಂದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಪೋರ್ಟಲ್‌ನಲ್ಲಿ ಎಫ್‌ಸಿ-ಜಿಪಿಆರ್ ಎಂಬ ವರದಿ ಸಲ್ಲಿಸಬೇಕು. ಬ್ಯಾಂಕಿನ ಮೈಸೂರು ಶಾಖೆಯಲ್ಲಿ ಈ ಕೆಲಸ ಗೊತ್ತಿರುವವರು ಇಲ್ಲದಿರಬಹುದು. ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆ ಯಾವುದೆಂದು ಹಣ ಬರುವ ಮೊದಲೇ ಕೇಳಿ.

ಏಂಜೆಲ್ ಟ್ಯಾಕ್ಸ್ ಇನ್ನೂ ಇದೆಯಾ?

ಇಲ್ಲ. ಷೇರನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ಮಾರಿ ಬಂದ ಹಣದ ಮೇಲೆ ಕಂಪನಿ ಕಟ್ಟಬೇಕಿದ್ದ ಆ ತೆರಿಗೆ 2024ರ ಬಜೆಟ್‌ನಲ್ಲಿ ರದ್ದಾಯಿತು, 2025ರ ಏಪ್ರಿಲ್ 1ರಿಂದ ಜಾರಿ. ಹಣ ಯಾರದ್ದು, ಎಲ್ಲಿಂದ ಬಂತು ಎಂದು ತೋರಿಸುವ ಹೊಣೆ ಹಾಗೇ ಇದೆ. ಹೂಡಿಕೆದಾರರ ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್‌ನ ಪ್ರತಿ ಆಗಲೇ ಪಡೆದಿಟ್ಟುಕೊಳ್ಳಿ.

ಒಬ್ಬರು "ಐದು ಕೋಟಿ ಕೊಡಿಸ್ತೀನಿ, ಮುಂಗಡ ಎರಡು ಲಕ್ಷ ಕೊಡಿ" ಅಂತಿದ್ದಾರೆ.

ಕೊಡಬೇಡಿ. ಯೋಗ್ಯ ಸಲಹೆಗಾರರು ಹಣ ಬಂದ ಮೇಲೆ ಅದರ ಒಂದು ಪಾಲು ಕೇಳುತ್ತಾರೆ. ಬರೀ "ಪ್ರೊಸೆಸಿಂಗ್ ಫೀ" ಕೇಳುವವರು ಮುಂಗಡದಿಂದಲೇ ಬದುಕುವವರು.

ಒಟ್ಟು ಎಷ್ಟು ತಿಂಗಳು ಬೇಕು? ಮಧ್ಯದಲ್ಲಿ ಮುರಿದರೆ?

ಮೊದಲ ಭೇಟಿಯಿಂದ ಟರ್ಮ್ ಶೀಟ್‌ಗೆ ಎರಡು ಮೂರು ತಿಂಗಳು, ಅಲ್ಲಿಂದ ಹಣಕ್ಕೆ ಇನ್ನೆರಡು. ಟರ್ಮ್ ಶೀಟ್‌ನ ಬಹುಪಾಲು ಕರಾರುಗಳಿಗೆ ಕಾನೂನಿನ ಬಲ ಇರುವುದಿಲ್ಲ. ಗೌಪ್ಯತೆ, ಮತ್ತು ಬೇರೆಯವರ ಜೊತೆ ಮಾತಾಡಬಾರದೆಂಬ ಕರಾರಿಗೆ ಮಾತ್ರ ಇರುತ್ತದೆ. ಈ ಎರಡನೆಯದು 45 ದಿನಕ್ಕೆ ಮುಗಿಯುವಂತೆ ನೋಡಿಕೊಳ್ಳಿ. 90 ದಿನ ಕಟ್ಟಿಹಾಕಿ ಕೊನೆಗೆ "ಬೇಡ" ಎಂದರೆ, ಅಷ್ಟರಲ್ಲಿ ಉಳಿದ ಹೂಡಿಕೆದಾರರ ಆಸಕ್ತಿ ಆರಿಹೋಗಿರುತ್ತದೆ, ಖಾತೆಯಲ್ಲಿ ಮೂರು ತಿಂಗಳ ಸಂಬಳವೂ ಕರಗಿರುತ್ತದೆ. ಕೈಯಲ್ಲಿ ಆರು ತಿಂಗಳ ಖರ್ಚಿಗಿಂತ ಕಡಿಮೆ ಇರುವಾಗ ಸುತ್ತು ಶುರು ಮಾಡಿದ್ದರೆ, ಮುರಿದ ದಿನವೇ ಖರ್ಚಿನ ಪಟ್ಟಿ ತೆಗೆದು ಯಾವುದನ್ನು ನಿಲ್ಲಿಸಬಹುದು ಎಂದು ಗುರುತು ಹಾಕಿ. ಬಾಕಿ ಇರುವ ಗ್ರಾಹಕರಿಗೆ ಅದೇ ಸಂಜೆ ಫೋನ್ ಮಾಡಿ.